ಪೆಪ್ಪರ್‌ಮೆಂಟು ಕೊಂಡು ಹಿಂತಿರುಗಿದ ವನಮಾಲಾ ಅವರಿಗೆ

ಬೇಗೆಮಾಸದ ಹನ್ನೊಂದು, ಇಸವಿ 2196
ಕೆಳಕೇರಿ, ಕೋಲಾರದ ಹಳೆಯ ಗಣಿ

ಪೂಜ್ಯ ವನಮಾಲಾ ಅವರಿಗೆ,

ಬೇಗೆಮಾಸ ಎಂದರೆ ಬೇಸಿಗೆ ಹಿಗ್ಗಿ ಹಿಗ್ಗಿ ನಾವು ಪಂಚಾಂಗಕ್ಕೆ ಸೇರಿಸಿಕೊಂಡ ಹದಿಮೂರನೆಯ ತಿಂಗಳು. ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ ಈ ಕಾಗದ ತಲುಪುವಾಗ ನಿಮಗಿನ್ನೂ ಇಪ್ಪತ್ತೆರಡು, ಅಜ್ಜಿ ಎಂದರೆ ಸಿಟ್ಟು ಬಂದೀತು.

ಮೇಲಿನ ಬಿಸಿಲು ತಾಳಲಾರದೆ ನಾವು ಗಣಿಯ ಸುರಂಗಗಳಲ್ಲಿ ಬದುಕುತ್ತೇವೆ. ಅಕ್ಕಿ, ಸೋಪು, ಔಷಧಿ ಎಲ್ಲವೂ ತೊಟ್ಟಿಲಿನಲ್ಲಿ, ಅಂದರೆ ಮೇಲಿಂದ ಇಳಿಯುವ ಲಿಫ್ಟಿನಲ್ಲಿ ಬರಬೇಕು. ಹಿಂದೊಮ್ಮೆ ಬರ ಬಿದ್ದಾಗ ಕೆಲವರು ಸಾಮಾನು ಬಚ್ಚಿಟ್ಟುಕೊಂಡರಂತೆ. ಅಂದಿನಿಂದ ಬಂದದ್ದೇನು, ಯಾರಿಗೆ ಎಂದು ತೊಟ್ಟಿಲ ಬಾಯಲ್ಲಿ ನಿಂತು ಕೂಗಿ ಹೇಳುವ ಪದ್ಧತಿ ಬಂತು. ಅದಕ್ಕೆ ಸಾರಿಕೆ ಎನ್ನುತ್ತೇವೆ. ಕಳ್ಳತನ ನಿಂತಿತು, ಗುಟ್ಟೂ ಉಳಿಯಲಿಲ್ಲ. ನಮ್ಮ ಕೇರಿಗೆ ಕೂಗುವವರು ನನ್ನ ಅತ್ತೆಯವರೇ. ಸುರಂಗದ ಆ ತುದಿಗೂ ಕೇಳುವ ಗಂಟಲು ಅವರದು.

ಮೊನ್ನೆ ಕಾಂಡೋಮ್ ಹರಿಯಿತು. ನನ್ನ ಗುಂಡಿಗೆ ಬಸಿರನ್ನು ತಾಳದು ಎಂದು ವೈದ್ಯೆ ಹೇಳಿದ್ದಾರೆ; ಅತ್ತೆಗೆ ಮೊಮ್ಮಗು ಬೇಕು. ನಮ್ಮೆಜಮಾನರು ಅಮ್ಮನ ಮುಂದೆ ಬಾಯಿ ಬಿಡುವವರಲ್ಲ. ತುರ್ತು ಗರ್ಭನಿರೋಧಕ ಮಾತ್ರೆ ಕೇಳಿದರೆ ಕೊಡುತ್ತಾರೆ, ಯಾರೂ ತಡೆಯುವಂತಿಲ್ಲ. ಆದರೆ ಸಾರಿಕೆ! ಇಲ್ಲಿಯ ಜನಕ್ಕೆ ಅದು ಬಸಿರು ತೆಗೆಯುವ ಮಾತ್ರೆ. ಅಲ್ಲವೇ ಅಲ್ಲ. ಅಂಡ ಹೊರಬರುವುದನ್ನು ಅದು ತಡೆಯುತ್ತದೆ ಇಲ್ಲವೇ ಮುಂದೂಡುತ್ತದೆ, ನಿಂತ ಬಸಿರನ್ನು ಮುಟ್ಟುವುದಿಲ್ಲ. ತಡಮಾಡಿದಷ್ಟೂ ಅದರ ಗುಣ ಕಡಿಮೆ. ಇದನ್ನು ಯಾರಿಗೆ ಹೇಳಲಿ? ಇಲ್ಲಿ ಗೋಡೆಗೂ ಕಿವಿ, ಆ ಕಿವಿಯೂ ಅತ್ತೆಯದೇ. ನಿನ್ನೆಯೆಲ್ಲ ತೊಟ್ಟಿಲ ಬಾಯವರೆಗೆ ಹೋಗಿ ಹೋಗಿ ಹಿಂತಿರುಗಿದೆ.

ಆಗ, ಇದೇ ಮಾತ್ರೆ ತರಲು ಹೊರಟಿದ್ದ ನಿಮ್ಮ ನೆನಪಾಯಿತು. ನಮ್ಮ ಮನೆಯ ಹೆಂಗಸರು ತಲೆ ಬಾಚುವಾಗ ನಿಮ್ಮ ಮಾತನ್ನು ಇದ್ದ ಹಾಗೇ ಹೇಳುತ್ತಾರೆ: "ಮೆಡಿಕಲ್ ಶಾಪ್ ತನಕ ಹೋದೆ ಕಣಮ್ಮ. ಮಾವನೋರ ಸ್ನೇಹಿತ್ರು ಅಲ್ಲೇ ಕೂತಿದ್ರು. ಬಾಯೇ ಬರ್ಲಿಲ್ಲ, ಪೆಪ್ಪರ್‌ಮೆಂಟು ತಗೊಂಡು ಬಂದ್ಬಿಟ್ಟೆ." ನೀವು ಬಸಿರಾದಿರಿ, ನಿಮ್ಮ ನರ್ಸಿಂಗ್ ಓದು ಅಲ್ಲಿಗೇ ನಿಂತಿತು. ಕೇಳಿದವರೆಲ್ಲ ನಗುತ್ತಾರೆ. ನನಗೆ ಈಗ ನಗು ಬರುವುದಿಲ್ಲ.

ಇವತ್ತು ಬೆಳಿಗ್ಗೆ ಕೇಳಿಯೇಬಿಟ್ಟೆ, ಮಾತ್ರೆ ತೊಟ್ಟಿಲಿನಲ್ಲಿ ಇಳಿದು ಬಂತು. ಅತ್ತೆ ಪೊಟ್ಟಣ ನೋಡಿದರು, ನನ್ನನ್ನು ನೋಡಿದರು, ಕೂಗಿದರು. ಮನೆಗೆ ಒಯ್ದರೆ ಕಸಿದುಕೊಂಡಾರೆಂದು ಅಲ್ಲೇ ನುಂಗಿದೆ. ಈಗ ಕೇರಿಯಲ್ಲಿ ಯಾರೂ ನನ್ನೊಡನೆ ಮಾತಾಡುತ್ತಿಲ್ಲ. ಎದ್ದು ಹೊರಗೆ ಹೋಗೋಣವೆಂದರೆ ನಮಗೆ ಹೊರಗು ಎಂಬುದೇ ಇಲ್ಲ.

ನಿಮಗಿದೆ. ಈ ಕಾಗದ ನಿಮಗೆ ಪೆಪ್ಪರ್‌ಮೆಂಟಿನ ದಿನವೇ ಸಿಗುವಂತೆ ಕಳಿಸಿದ್ದೇನೆ. ಪಕ್ಕದ ಬೀದಿಯಲ್ಲಿ ನಿಮ್ಮ ಗುರುತು ಯಾರಿಗೂ ಇಲ್ಲದ ಮೆಡಿಕಲ್ ಶಾಪ್ ಇದೆ. ವೈದ್ಯರ ಚೀಟಿ ಬೇಡ, ಗಂಡನ ಒಪ್ಪಿಗೆ ಬೇಡ. ಕೂಡಿದ ಮೂರು ದಿನದೊಳಗೆ ನುಂಗಬೇಕು, ಇವತ್ತೇ ಆದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಕೇಳಲು ನಾಚಿಕೆಯಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೂರು ದಿನ ದಾಟಿದರೂ ಐದು ದಿನದೊಳಗೆ ವೈದ್ಯರು ಕಾಪರ್-ಟಿ ಹಾಕಬಲ್ಲರು. ಮುಟ್ಟು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಸಿ.

ಅಂದು ನಿಂತ ಬಸಿರಿನಿಂದಲೇ ನಮ್ಮ ವಂಶ ಬೆಳೆದದ್ದು. ನೀವು ಮಾತ್ರೆ ನುಂಗಿದರೆ ಈ ಕಾಗದ ಬರೆಯುವವಳು ಹುಟ್ಟುವುದಿಲ್ಲ. ಯೋಚಿಸಿಯೇ ಬರೆದಿದ್ದೇನೆ. ಭಯವಾಗುತ್ತಿದೆ, ಸುಳ್ಳು ಹೇಳಲಾರೆ.

ಆದರೂ ಹೋಗಿ.

ನಿಮ್ಮ
ಸುಗಂಧಿ