ಮೂರನೆಯ ಪಿನ್ನು

ಪ್ರೀತಿಯ ಅಕ್ಕಾ,

ಪೀಠಿಕೆ ಹಾಕದೆ ಹೇಳಿಬಿಡುತ್ತೇನೆ. ಹೃದ್ರೋಗಿಗಳ ವಾರ್ಡಿನ ಆ ಮಾನಿಟರಿನ ಪ್ಲಗ್ಗಿನಿಂದ ಅರ್ತ್ ಪಿನ್ನು ಕತ್ತರಿಸಿದ್ದು ನಾನು. ಎಂಟು ತಿಂಗಳಿಂದ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ.

ನೀವು ಹೋದಮೇಲೆ ಆಸ್ಪತ್ರೆಯ ನೆಲಮಾಳಿಗೆಯ ನಮ್ಮ ರಿಪೇರಿ ಕೋಣೆಯಲ್ಲಿ ನಾನೊಬ್ಬನೇ. ಬೆಳಗಿನಿಂದ ಸಂಜೆಯವರೆಗೆ ಬೀಪ್ ಬೀಪ್ ಎನ್ನುವ ಯಂತ್ರಗಳದ್ದೇ ಮಾತು. "ಇದೇನೋ, ಬೆಸುಗೆ ಹಾಕಿದ್ಯೋ ಉಗುಳಿಟ್ಟಿದ್ಯೋ?" ಎಂದು ಬೈಯಲೂ ಯಾರಿಲ್ಲ. ನಿಮ್ಮ ಬೈಗುಳಕ್ಕಾಗಿ ಇಷ್ಟು ಹಂಬಲಿಸುತ್ತೇನೆಂದು ಅಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದ ದಿನಗಳೆಷ್ಟೋ.

ನಿಮ್ಮ ಪದ್ಧತಿ ಇಡೀ ಆಸ್ಪತ್ರೆಗೇ ಗೊತ್ತಿತ್ತು. ಯಂತ್ರದಿಂದ ಎಷ್ಟು ಕರೆಂಟು ಸೋರುತ್ತಿದೆ ಎಂದು ಸ್ವತಃ ಮೀಟರು ಹಿಡಿದು ನೋಡದೆ ಅದನ್ನು ವಾರ್ಡಿಗೆ ಕಳಿಸಬಹುದು ಎನ್ನುವ ಹಳದಿ ಚೀಟಿಗೆ ನೀವು ಸಹಿ ಹಾಕುತ್ತಿರಲಿಲ್ಲ. "ನಮಗೆ ಗೊತ್ತೇ ಆಗದಷ್ಟು ಕರೆಂಟು, ಎದೆಯೊಳಗೆ ವೈರು ಇಟ್ಟಿರೋರ ಜೀವ ತೆಗೆಯುತ್ತೆ ಕಣೋ," ಎನ್ನುತ್ತಿದ್ದಿರಿ.

ಆ ಮಾನಿಟರಿನ ರಿಪೇರಿ ಮುಗಿದ ದಿನ ಮಾತ್ರ ನಿಮಗೆ ಮೈ ಸುಡುವ ಜ್ವರ. "ಅಳೆದ್ಯೇನೋ?" ಎಂದಿರಿ. "ಅಳೆದೆ ಅಕ್ಕಾ, ಸರಿಯಾಗಿದೆ," ಎಂದೆ. ಶುದ್ಧ ಸುಳ್ಳು! ಊಟಕ್ಕೆ ಹೋಗುವ ಆತುರ ನನಗೆ. ನನ್ನನ್ನು ನಂಬಿ ಸಹಿ ಹಾಕಿದಿರಿ. ವಾರ್ಡಿಗೆ ಹೋದರೆ ಗೋಡೆಯಲ್ಲಿದ್ದದ್ದು ಎರಡೇ ತೂತಿನ ಹಳೆಯ ಸಾಕೆಟ್ಟು, ನರ್ಸಮ್ಮ ಬೇರೆ ಅವಸರ ಮಾಡುತ್ತಿದ್ದರು. ಇವತ್ತೊಂದಿನ ತಾನೇ ಅಂದುಕೊಂಡು ಮೂರನೆಯ ಪಿನ್ನನ್ನು ಕಚಕ್ಕನೆ ಕತ್ತರಿಸಿದೆ. ಸೋರಿದ ಕರೆಂಟು ನೆಲ ಸೇರುವ ದಾರಿಯನ್ನೇ ಮುಚ್ಚಿಬಿಟ್ಟೆ.

"ಈ ಡಬ್ಬ ಮುಟ್ಟಿದ್ರೆ ಕೈಯಲ್ಲಿ ಇರುವೆ ಹರಿದಂಗಾಗುತ್ತೆ," ಎಂದು ಆ ಹಾಸಿಗೆಯ ಅಜ್ಜಿ ಹೇಳದೇ ಹೋಗಿದ್ದರೆ, ನರ್ಸಮ್ಮ ಓಡಿಬಂದು ಪ್ಲಗ್ಗು ಕೀಳದೇ ಹೋಗಿದ್ದರೆ! ಅಜ್ಜಿ ಬದುಕಿದರು. ವಿಚಾರಣೆಯಲ್ಲಿ ನೀವು ನನ್ನ ಹೆಸರೆತ್ತದೆ, "ಸಹಿ ನನ್ನದು, ತಪ್ಪೂ ನನ್ನದೇ," ಎಂದಿರಿ. ಕೆಲಸ ಬಿಟ್ಟು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಿರಿ, "ನಂಗೇನಾದ್ರೂ ಹೇಳೋದಿದ್ಯೇನೋ?" ನಾನು ತಲೆಯೆತ್ತದೆ, "ಏನಿಲ್ಲ ಅಕ್ಕಾ," ಎಂದೆ. ಅಂಥ ಹೇಡಿ ನಾನು.

ಇಂದು ಬೆಳಿಗ್ಗೆ ಮುಖ್ಯ ವೈದ್ಯರ ಮುಂದೆ ಎಲ್ಲವನ್ನೂ ಹೇಳಿದೆ, ಬರೆದೂ ಕೊಟ್ಟೆ. "ಇಷ್ಟು ದಿನ ಬಾಯಿಗೇನಾಗಿತ್ತಯ್ಯಾ?" ಎಂದರು. ನಿಮ್ಮನ್ನು ಮರಳಿ ಕರೆಸುತ್ತಾರಂತೆ. ದಯವಿಟ್ಟು ಬನ್ನಿ. ನನ್ನ ಕೆಲಸ ಹೋಯಿತು, ಹೋಗಬೇಕಾದದ್ದೇ. ಆದರೆ ಎಂಟು ತಿಂಗಳು ನೀವು ಬಂದೀರೆಂದು ಕಾದು, ಈಗ ನೀವು ಬರುವಾಗ ನಾನೇ ಇರುವುದಿಲ್ಲವಲ್ಲ.

ಕ್ಷಮೆ ಕೇಳುವ ಮುಖವಿಲ್ಲ, ಒಂದು ಕೋರಿಕೆ ಮಾತ್ರ. ನೀವಿಲ್ಲದ ಈ ದಿನಗಳಲ್ಲಿ ವಾರ್ಡಿಗೆ ಹೋದ ಯಂತ್ರಗಳಿಗೆಲ್ಲ ನನ್ನದೇ ಸಹಿ. ಒಂದೊಂದನ್ನೂ ಎರಡೆರಡು ಸಲ ಅಳೆದೇ ಕಳಿಸಿದ್ದೇನೆ, ಆಣೆಗೂ ನಿಜ. ಆದರೂ ನನ್ನ ಮಾತು ನಂಬಬೇಡಿ ಅಕ್ಕಾ. ಎಲ್ಲವನ್ನೂ ತರಿಸಿ ನೀವೇ ಇನ್ನೊಮ್ಮೆ ಅಳೆಯಿರಿ.

ಮೀಟರು ಹಿಡಿಯುವ ನಿಮ್ಮ ಕೈ ನೂರು ಕಾಲ ಗಟ್ಟಿಯಾಗಿರಲಿ.

ನಿಮ್ಮಿಂದ ಕೆಲಸ ಕಲಿತವನು