ಫೋಟೊ ತೋರಿಸಿದ ಏಳು ಗಂಟೆ

ವುಲ್ವರ್‌ಹ್ಯಾಂಪ್ಟನ್, 3-4-2014

ಅಕ್ಕಾ, ಫೋನಿನಲ್ಲಿ ಹೇಳಿದರೆ ಅಳು ಬರುತ್ತದೆಂದು ಕಾರ್ಡು ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಡೊರೀನ್ ಅಜ್ಜಿ ಬಿದ್ದರು. ಇಲ್ಲಿನ ನಿಯಮದಂತೆ ಆಶ್ರಮದ ಕ್ಯಾಮೆರಾದಲ್ಲಿ ಗಾಯದ ಫೋಟೊ ತೆಗೆದು ಕೂಡಲೇ ಆಂಬುಲೆನ್ಸ್ ಕರೆದೆ. ಕಂಪ್ಯೂಟರಿನಲ್ಲಿ ಫೋಟೊದ ಫೈಲು ಏಳು ಗಂಟೆ ತೋರಿಸಿತು. ಆಂಬುಲೆನ್ಸ್ ಕರೆದದ್ದು ಎಂಟಕ್ಕೆ.

"ಒಂದು ಗಂಟೆ ಸುಮ್ನೆ ಇದ್ರಾ?" ಎಂದು ಮ್ಯಾನೇಜರ್ ನನ್ನನ್ನು ಮನೆಗೆ ಕಳಿಸಿದರು.

ಆಸ್ಪತ್ರೆಯಲ್ಲಿ ಅಜ್ಜಿಯೇ ಮ್ಯಾನೇಜರಿಗೆ ಹೇಳಿದರಂತೆ: "ನಾನು ಕೂಗಿದ ಕೂಡ್ಲೇ ಅವಳು ಬಂದ್ಲು. ಅವತ್ತೇ ಅಲ್ವಾ ಗಡಿಯಾರ ಒಂದು ಗಂಟೆ ಮುಂದಿಟ್ಟಿದ್ದು? ಕ್ಯಾಮೆರಾನೂ ಮುಂದಿಟ್ರಾ?"

ಇಲ್ಲಿ ಬೇಸಿಗೆ ಬರುವಾಗ ದೇಶದ ಎಲ್ಲ ಗಡಿಯಾರಗಳನ್ನೂ ಹಾಗೆ ಮುಂದಿಡುತ್ತಾರೆ. ಕ್ಯಾಮೆರಾ ಹಳೆಯ ಸಮಯದಲ್ಲೇ ಇತ್ತು; ಅದರ ಏಳು ಎಂದರೆ ನಿಜಕ್ಕೂ ಎಂಟು. ಮ್ಯಾನೇಜರ್ ಕ್ಷಮೆ ಕೇಳಿದರು. ನಾಳೆಯಿಂದ ಕೆಲಸವಿದೆ, ಆರೋಗ್ಯವಾಗಿದ್ದೇನೆ.

ಇವತ್ತು ಹೂ ಹಿಡಿದು ಆಸ್ಪತ್ರೆಗೆ ಹೋದೆ. ಅಜ್ಜಿ ಬೆಳಗಿನ ಜಾವವೇ ತೀರಿಕೊಂಡಿದ್ದರು.

ನಿನ್ನ ಯಶ್ಮಿತಾ