ಹನ್ನೊಂದು ನಿಮಿಷ ಬಾಕಿ ಇದ್ದಾಗ

ಐನಾಪುರ,
ಜನವರಿ 9, ಶುಕ್ರವಾರ

ಪ್ರೀತಿಯ ಫರಹತ,

ಹೇಗಿದ್ದೀಯ? ಕಿವಿನೋವು ಕಡಿಮೆಯಾಯಿತೇ? ವಿಮಾನ ಹತ್ತುವುದು ನಿಂತರೆ ಕಿವಿನೋವೂ ನಿಲ್ಲುತ್ತದೆ ಎಂದು ಹಿಂದೊಮ್ಮೆ ನಾನೇ ಹೇಳಿದ್ದೆ. ನಿಂತಿದ್ದರೂ ನನಗೇನೂ ಸಂತೋಷವಿಲ್ಲ. ನಿನ್ನ ಫೋನ್ ಬಂದು ನಾಲ್ಕು ತಿಂಗಳಾಯಿತು. ನೀನು ಹೈದರಾಬಾದಿನಲ್ಲಿ ಅಪೂರ್ವಳ ಮನೆಯಲ್ಲಿದ್ದೀಯ, ದಿನಕ್ಕೊಮ್ಮೆ ಉಣ್ಣುತ್ತೀಯ, ಅವಳು ಹಾರಾಟದ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗುತ್ತೀಯ, ಇಷ್ಟೇ ನನಗೆ ಗೊತ್ತಿರುವುದು. ಇದನ್ನೂ ಅವಳೇ ಹೇಳಿದ್ದು. ಅವಳ ಮೇಲೆ ಸಿಟ್ಟಾಗಬೇಡ, ವಾರಕ್ಕೊಮ್ಮೆ ನಾನೇ ಫೋನ್ ಮಾಡಿ ಕೇಳುತ್ತೇನೆ. ಪಾಪ, ನಿನ್ನ ಜತೆ ಹಾರಾಟ ಕಲಿತ ತಪ್ಪಿಗೆ ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾಳೆ.

ನಾನು ಆರಾಮ ಇದ್ದೇನೆ. ಕಬ್ಬಿನ ಹಂಗಾಮು ಜೋರಾಗಿದೆ. ಟ್ರ್ಯಾಕ್ಟರುಗಳು ದಿನವಿಡೀ ಹಾಡು ಹಾಕಿಕೊಂಡು ಮನೆ ಮುಂದೆಯೇ ಹೋಗುತ್ತವೆ. ಮೊದಲು ಆ ಗದ್ದಲಕ್ಕೆ ಬೈದು ಕಿಟಕಿ ಹಾಕುತ್ತಿದ್ದೆ. ಈಗ ಮಂಚವನ್ನು ಮುಂದಿನ ಕೋಣೆಗೇ ತಂದು ಹಾಕಿಕೊಂಡಿದ್ದೇನೆ. ಯಾರೋ ಬಂದರು, ಹೋದರು ಎಂದು ಅನ್ನಿಸುತ್ತದೆ. ಶಾಲೆಯಿಂದ ಬಂದು ಬೀಗ ತೆಗೆದ ಮೇಲೆ ಮರುದಿನ ಬೆಳಿಗ್ಗೆ ಹಾಜರಿ ಕೂಗುವ ತನಕ ನನ್ನ ದನಿ ನನಗೇ ಕೇಳಿಸುವುದಿಲ್ಲ. ಅಮ್ಮೀ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ, ನನಗೆ ಹತ್ತೊಂಬತ್ತು. ಆ ಮೇಲೆ ಅಬ್ಬಾ ಲಾರಿ ಓಡಿಸುತ್ತ ಊರೂರು, ನಾವಿಬ್ಬರೇ ಮನೆಯಲ್ಲಿ. ಒಂಟಿತನ ಎಂದರೇನು ಎಂದು ತಿಳಿಯುವಷ್ಟು ಪುರಸೊತ್ತನ್ನು ನೀನು ನನಗೆ ಕೊಟ್ಟಿರಲೇ ಇಲ್ಲ. ಅದಕ್ಕೇ ನಲವತ್ತೆರಡನೇ ವಯಸ್ಸಿನಲ್ಲಿ ಹೊಸದಾಗಿ ಕಲಿಯುತ್ತಿದ್ದೇನೆ. ಕಲಿಯುವಾಗ ಒಂದು ದೊಡ್ಡ ತಪ್ಪನ್ನೂ ಮಾಡಿದೆ. ಅದನ್ನು ಹೇಳುವುದಕ್ಕೇ ಈ ಪತ್ರ.

ಸೆಪ್ಟೆಂಬರಿನ ಆ ಬೆಳಿಗ್ಗೆಯ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ. ಹಬ್ಬಕ್ಕೆ ಬರುತ್ತೇನೆ ಎಂದವಳು ನೀನು ಬಂದಿರಲಿಲ್ಲ. ಖಾಸಗಿ ಪೈಲಟ್ ಲೈಸೆನ್ಸ್ ಕೈಗೆ ಬಂದಿದೆ, ದೊಡ್ಡ ಲೈಸೆನ್ಸಿಗೆ ಇನ್ನೂ ಅಷ್ಟು ಗಂಟೆ ಹಾರಬೇಕು, ಕರಾವಳಿಯಲ್ಲಿ ರಾಕೆಟ್ ಪರೀಕ್ಷೆ ಎಂದು ಪದೇ ಪದೇ ಆಕಾಶ ಮುಚ್ಚುತ್ತಾರೆ, ನಮ್ಮಂಥ ಸಣ್ಣ ವಿಮಾನದವರು ನೆಲದ ಮೇಲೆ ಕೂತು ದಿನ ಕಳೆಯುತ್ತೇವೆ, ತೆರೆದ ದಿನ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದು ನೀನು ಕಾರಣ ಹೇಳಿದ್ದೆ. ನಿಜವಾದ ಕಾರಣವೇ. ಆದರೆ ನನಗೆ ಆ ರಾಕೆಟ್ಟಿನವರ ಮೇಲೂ ನಿನ್ನ ಮೇಲೂ ಒಟ್ಟಿಗೇ ಸಿಟ್ಟು ಬಂತು. ಮೂರು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ನಾಲ್ಕನೇ ದಿನ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ನಿನಗೆ ಫೋನ್ ಹಚ್ಚಿದೆ. ನಾವು ಮನೆಯಲ್ಲಿ ಉರ್ದು ಆಡಿದರೂ ಜಗಳಕ್ಕೆ ಮಾತ್ರ ಕನ್ನಡಕ್ಕೇ ಇಳಿಯುತ್ತೇವಲ್ಲ, ಹಾಗೇ ಆಯಿತು. ನೀನು ಮೆತ್ತಗೆ ಹೇಳಿದೆ, "ಆಪಾ, ಈಗ ಹೊಂಡೂದೈತಿ. ಹವಾ ನೋಡಬೇಕು, ನೋಟೀಸ್ ಓದಬೇಕು. ಇಳದ ಮ್ಯಾಲ ಮಾಡ್ತೀನಿ." ನಾನು ಬಿಡಲಿಲ್ಲ. "ಆಕಾಶದಾಗ ನಿನಗ ಯಾರ ಅದಾರ? ಇಲ್ಲಿ ನಾ ಒಬ್ಬಾಕಿ ಅದೀನಿ, ಅದು ನಿನಗ ಕಾಣಂಗಿಲ್ಲೇನು?" ಎಂದೆ. ಸಾಕಿದ್ದನ್ನು ಎತ್ತಿ ಆಡಿದೆ. ಇವತ್ತು ಅಬ್ಬಾ ಇದ್ದಿದ್ದರೆ ಎಂದು ಅಬ್ಬಾನ ಹೆಸರು ತೆಗೆದೆ. ಇಪ್ಪತ್ತೈದು ನಿಮಿಷ ಮಾತಾಡಿದ್ದೇನೆ, ಫೋನಿನಲ್ಲಿ ಇನ್ನೂ ಅದರ ದಾಖಲೆ ಇದೆ. ಕೊನೆಗೆ ನೀನೇ ಫೋನ್ ಇಟ್ಟೆ.

ಅದೇ ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳನ್ನೆಲ್ಲ ಟಿ.ವಿ. ಮುಂದೆ ಕೂಡಿಸಿದ್ದೆವು. ಮುಂದೆ ಮನುಷ್ಯರನ್ನು ಅಂತರಿಕ್ಷಕ್ಕೆ ಒಯ್ಯುವ ಕೋಶದ ಪರೀಕ್ಷೆ. ರಾಕೆಟ್ಟಿಗೆ ಅಪಾಯವಾದರೆ ಒಳಗಿನವರು ಪಾರಾಗಿ ಬರುತ್ತಾರೋ ಇಲ್ಲವೋ ಎಂದು ಯಾರೂ ಇಲ್ಲದೆ ಹಾರಿಸಿ ನೋಡುವುದು. ನಮ್ಮ ಹೆಡ್ಮಾಸ್ತರು ಧನಪಾಲ ಸರ್ ಎರಡು ದಿನದಿಂದ ಫಲಕದ ಮೇಲೆ ಚಿತ್ರ ಬಿಡಿಸಿ ತಿಳಿಸಿದ್ದರು. ಎಣಿಕೆ ಇಳಿಯುತ್ತ ಬಂತು. ಹನ್ನೊಂದು ನಿಮಿಷ ಬಾಕಿ ಇದ್ದಾಗ ನಿಂತಿತು. ಮುಚ್ಚಿದ ವಾಯುಪ್ರದೇಶದೊಳಗೆ ಒಂದು ಸಣ್ಣ ವಿಮಾನ ಬಂದಿದೆ ಎಂದರು. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿತು, ಇವತ್ತಿಗೆ ರದ್ದು ಎಂದರು. ಮಕ್ಕಳ ಮುಖ ನೋಡಲಾಗಲಿಲ್ಲ. ಐದನೇ ಇಯತ್ತೆಯ ಹುಡುಗಿಯೊಬ್ಬಳು, ಯಾರು ಟೀಚರ್ ಅವರು, ಯಾಕೆ ಬಂದರು ಎಂದು ಕೇಳಿದಳು. "ಯಾರೋ ತಲಿ ಇಲ್ಲದವರು ಇರಬೇಕು" ಎಂದೆ. ಅಷ್ಟು ಮಕ್ಕಳ ಮುಂದೆ ನಿಂತು ಹಾಗೆ ಎಂದೆ, ಫರಹತ. ಸಂಜೆ ಅಪೂರ್ವಳ ಫೋನ್ ಬಂತು. ನೀನು ಕ್ಷೇಮವಾಗಿ ಇಳಿದಿದ್ದೀಯ ಎಂದು ಮೊದಲು ಹೇಳಿ, ಆಮೇಲೆ ಉಳಿದದ್ದನ್ನು ಹೇಳಿದಳು. ಅಪೂರ್ವಳಿಗೆ ಬುದ್ಧಿಯಿದೆ.

ನಿನ್ನ ಹೇಳಿಕೆಯನ್ನೂ ಅವಳೇ ಓದಿ ತಿಳಿಸಿದಳು. ಮೋಡ ಅಡ್ಡ ಬಂದು ಪೂರ್ವಕ್ಕೆ ಸರಿದೆ, ಎಲ್ಲಿ ಆಕಾಶ ಮುಚ್ಚಿದೆ ಎಂದು ತಿಳಿಸುವ ಆ ದಿನದ ನೋಟೀಸನ್ನು ಅಜಾಗರೂಕತೆಯಿಂದ ಓದಿರಲಿಲ್ಲ ಎಂದು ಬರೆದಿದ್ದೀಯಂತೆ. ಅಜಾಗರೂಕತೆ! ನೀನು ಅಂಗಡಿಗೆ ಹೋಗುವಾಗಲೂ ಚೀಟಿಯನ್ನು ಎರಡು ಸಲ ಓದುವವಳು. ನೋಟೀಸ್ ಓದಬೇಕಾದ ಹೊತ್ತನ್ನೆಲ್ಲ ನಾನು ತಿಂದೆ. ಆ ಹೇಳಿಕೆಯಲ್ಲಿ ನನ್ನ ಹೆಸರು ಎಲ್ಲೂ ಇಲ್ಲ. ನೀನು ನನ್ನನ್ನು ಕಾಪಾಡಿದೆಯೋ, ಹೇಳಿಯೂ ಪ್ರಯೋಜನವಿಲ್ಲ ಎಂದುಕೊಂಡೆಯೋ, ನನಗೆ ತಿಳಿಯದು. ಯಾವುದೇ ಆದರೂ ನನಗೆ ನಿದ್ದೆ ತರುವಂಥದ್ದಲ್ಲ.

ಈಗ ಕಳೆದ ಶನಿವಾರದ ಸುದ್ದಿ. ಚಿಕ್ಕೋಡಿಯ ಕಾಲೇಜಿನಲ್ಲಿ ಉಜ್ವಲಾ ಎಂಬ ಎಂಜಿನಿಯರ್ ಭಾಷಣಕ್ಕೆ ಬರುತ್ತಾರೆಂದು ಪೇಪರಿನಲ್ಲಿತ್ತು. ರಾಯಬಾಗದ ಕಡೆಯವರು, ಆ ಉಡಾವಣಾ ಕೇಂದ್ರದಲ್ಲೇ ಕೆಲಸ. ಅರ್ಧ ದಿನ ರಜೆ ಹಾಕಿ ಹೋದೆ. ಹಾರಿಸುವ ಮೊದಲು ಸಮುದ್ರದಲ್ಲಿ ದೋಣಿ, ಆಕಾಶದಲ್ಲಿ ವಿಮಾನ ಯಾವುದೂ ಇರದಂತೆ ನೋಡಿಕೊಳ್ಳುವ ವಿಭಾಗ ಅವರದು. ಪ್ರಶ್ನೆ ಕೇಳಿ ಎಂದಾಗ ನಾನು ಎದ್ದು, ಯಂತ್ರಗಳು ಹೋಗಿ ನೋಡಿ ಬರುತ್ತವೆ, ಮನುಷ್ಯರೇ ಯಾಕೆ ಹೋಗಬೇಕು ಎಂದು ಕೇಳಿದೆ. ಫೋನಿನಲ್ಲಿ ನಿನ್ನನ್ನು ಕೇಳಿದ್ದೂ ಇದನ್ನೇ ತಾನೆ. ಅವರು, ಯಂತ್ರ ಹೋದರೆ ಅದು ಕಳಿಸಿದ್ದನ್ನು ನೋಡುತ್ತೇವೆ, ಮನುಷ್ಯ ಹೋದರೆ ಅವನು ತಿರುಗಿ ಬರುವುದನ್ನು ಕಾಯುತ್ತೇವೆ, ಆ ಕಾಯುವುದರಿಂದಲೇ ನಾವು ಕೆಲಸವನ್ನು ಸರಿಯಾಗಿ ಮಾಡಲು ಕಲಿತೆವು ಎಂದರು. ಖರ್ಚಿನ ಮಾತಿಗೆ ಅದು ಉತ್ತರವಲ್ಲ ಎಂದೂ ತಾವೇ ಒಪ್ಪಿಕೊಂಡರು. ಅದು ನನಗೆ ಹಿಡಿಸಿತು.

ಸಭೆ ಮುಗಿದು ಜನ ಕರಗಿದ ಮೇಲೆ ಹತ್ತಿರ ಹೋಗಿ, ಸೆಪ್ಟೆಂಬರಿನಲ್ಲಿ ಒಳಗೆ ಬಂದ ವಿಮಾನದ ಹುಡುಗಿ ನನ್ನ ತಂಗಿ ಎಂದೆ. ಅವರು ಹೆಗಲಿನ ಚೀಲ ಇಳಿಸಿ ಕುರ್ಚಿಯ ಮೇಲಿಟ್ಟರು. "ಆ ದಿನ ನನಗ ಭಾಳ ಸಿಟ್ಟ ಬಂದಿತ್ರಿ" ಎಂದರು. ನೂರಾರು ಜನರ ಎಷ್ಟೋ ತಿಂಗಳ ದುಡಿಮೆ. ತಪ್ಪು ತಪ್ಪೇ, ಅದನ್ನು ಸಣ್ಣದು ಎನ್ನಲಾರೆ ಎಂದರು. ಆಮೇಲೆ ಅವರು ಆ ದಿನ ತಮ್ಮ ನಿಯಂತ್ರಣ ಕೋಣೆಯಲ್ಲಿ ನಡೆದದ್ದನ್ನು ಹೇಳಿದರು. ಪರದೆಯ ಮೇಲೆ ಒಂದು ಚುಕ್ಕೆ. ನಾಲ್ಕು ಸಲ ಕರೆದರೂ ಉತ್ತರವಿಲ್ಲ. ಐದನೇ ಸಲ ನೀನು ಮಾತಾಡಿದೆ. ವಿಮಾನದಲ್ಲಿ ಎಷ್ಟು ಜನ ಎಂದು ಕೇಳಿದರು. ಒಬ್ಬಳೇ ಎಂದೆಯಂತೆ. ವಿಮಾನ ಮುಚ್ಚಿದ ಪ್ರದೇಶದ ಅಂಚಿನಲ್ಲಿತ್ತು, ಕೋಶದಲ್ಲಿ ಯಾರೂ ಇರಲಿಲ್ಲ, ಇನ್ನೂ ಹನ್ನೊಂದು ನಿಮಿಷವಿತ್ತು. ಆದರೂ ನಿರ್ಧಾರ ಮಾಡಬೇಕಾದ ಹಿರಿಯರು ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟರಂತೆ. ಉಜ್ವಲಾ ನನಗೆ ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. "ಒಬ್ಬಾಕಿ ಸಲುವಾಗಿ ನಿಲ್ಲಸಾಕ ಬರಲಿಲ್ಲ ಅಂದ್ರ, ನಾಳೆ ಮೂರು ಮಂದೀನ ಕೂಡ್ರಿಸಿ ಕಳಸೂ ಹಕ್ಕು ನಮಗ ಎಲ್ಲಿಂದ ಬರತೈತ್ರಿ? ನಿಮ್ಮ ತಂಗಿ ನೆಲಕ್ಕ ಇಳದ ಸುದ್ದಿ ಬರೂತನಕ ನಮ್ಮ ಕೋಣ್ಯಾಗ ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ."

ಅಲ್ಲಿಂದ ಬಸ್ ಸ್ಟ್ಯಾಂಡಿಗೆ ನಡೆದೇ ಬಂದೆ. ನಾನು ಇಲ್ಲಿ ನಿನ್ನನ್ನು ತಲೆ ಇಲ್ಲದವಳು ಎನ್ನುತ್ತಿದ್ದಾಗ, ನಿನ್ನ ಮುಖವನ್ನೇ ಕಾಣದ ಅಷ್ಟು ಜನ ನೀನು ಇಳಿಯಲಿ ಎಂದು ಕುರ್ಚಿ ಬಿಡದೆ ಕೂತಿದ್ದರು. ಅವರ ಕೆಲಸವನ್ನು ಕೆಡಿಸಿದವಳು ನೀನೇ ಆಗಿದ್ದರೂ. ಕಾಯುವುದು ಎಂದರೆ ಅದು. ನಾನು ಕಾಯುತ್ತೇನೆ ಎಂದುಕೊಂಡಿದ್ದೆ, ಆದರೆ ನಿನ್ನ ಕಾಲಿಗೆ ಹಗ್ಗ ಕಟ್ಟಿ ಜಗ್ಗುತ್ತಿದ್ದೆ. ಸೋಮವಾರ ಶಾಲೆಯಲ್ಲಿ ಆ ಹುಡುಗಿಯನ್ನು ಕರೆದು, ಅವತ್ತು ಬಂದವಳು ನನ್ನ ತಂಗಿ, ಅವಳಿಗೆ ತಲೆ ಇದೆ, ತಪ್ಪಿದ್ದು ದಾರಿ ಎಂದು ಹೇಳಿದೆ. ತಿರುಗಿ ಬಂದರೇ ಎಂದು ಕೇಳಿದಳು. ಇಳಿದಿದ್ದಾಳೆ, ಇನ್ನೂ ಬಂದಿಲ್ಲ ಎಂದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪೂರ್ವಳಿಗೂ ಅವಳ ಮನೆಯವರಿಗೂ ನನ್ನ ಸಲಾಮು ಹೇಳು. ಅಲ್ಲಾಹನು ನಿನ್ನನ್ನು ನೆಲದ ಮೇಲೂ ಆಕಾಶದಲ್ಲೂ ತನ್ನ ನೆರಳಿನಲ್ಲಿಡಲಿ.

ನಿನ್ನ ಆಪಾ,
ಫಿರದೋಸ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಪೋಸ್ಟಿನ ಜಕ್ಕಪ್ಪ ನಿನ್ನ ಹೆಸರಿನ ರಿಜಿಸ್ಟರ್ ಪತ್ರ ತಂದ. ನಿನ್ನ ಕಾಯಂ ವಿಳಾಸ ಇನ್ನೂ ಈ ಮನೆಯದೇ. ಕ್ಷಮಿಸು, ಒಡೆದು ಓದಿದೆ, ಪ್ರತಿ ಇದರಲ್ಲಿದೆ. ಇದೇ 23ರಂದು ಬೆಳಿಗ್ಗೆ ಹನ್ನೊಂದಕ್ಕೆ ಹೈದರಾಬಾದಿನ ವಿಮಾನಯಾನ ಕಚೇರಿಯಲ್ಲಿ ನಿನ್ನ ವಿಚಾರಣೆ. ನೀನು ಬರದಿದ್ದರೆ ಲೈಸೆನ್ಸ್ ಪೂರ್ತಿ ರದ್ದು ಮಾಡಬಹುದು ಎಂದಿದ್ದಾರೆ. ಧನಪಾಲ ಸರ್‌ಗೆ ಈಗಲೇ ಫೋನ್ ಮಾಡಿ ರಜೆ ಕೇಳಿಕೊಂಡೆ. 22ಕ್ಕೆ ಅಥಣಿಯಿಂದ ಬಸ್ಸು ಹಿಡಿಯುತ್ತೇನೆ, ಮರುದಿನ ಹತ್ತು ಗಂಟೆಗೆ ಆ ಕಚೇರಿಯ ಗೇಟಿನಲ್ಲಿರುತ್ತೇನೆ. ಆರೂ ಇಪ್ಪತ್ತರ ಫೋನ್ ನನ್ನದು ಎಂದು ಅವರಿಗೆ ಹೇಳಬೇಕು. ನಿನ್ನನ್ನು ಊರಿಗೆ ಕರೆದೊಯ್ಯಲು ಬರುತ್ತಿಲ್ಲ, ನೀನು ಮತ್ತೆ ಹಾರಲಿ ಎಂದು ಬರುತ್ತಿದ್ದೇನೆ. ನೀನು ಬರದಿದ್ದರೆ, ಅವರು ನಿನ್ನ ಹೆಸರು ಕೂಗಿದಾಗ ನಾನೇ ಎದ್ದು ನಿಲ್ಲುತ್ತೇನೆ.